ಜ್ವರ ಹೋಯ್ತು, ಕೀಲು ಬ್ಯಾನಿ ಹೋಗಲಿಲ್ಲ

ಚಿಕೂನ್‌ಗುನ್ಯಾ ಜ್ವರ ಸಾಮಾನ್ಯವಾಗಿ ವಾರದೊಳಗೆ ಇಳೀತದೆ. ದವಾಖಾನೆಯ ಲೆಕ್ಕದಲ್ಲಿ ರೋಗಿ ಗುಣಮುಖ. ಆದ್ರೆ ಈ ಜ್ವರ ಬಂದು ಹೋದ ಸೋಲಾಪುರದ ಬೀಡಿ ಕಟ್ಟುವ ಹೆಣ್ಣುಮಕ್ಕಳನ್ನು ಕೇಳಿ ನೋಡ್ರಿ. ತಿಂಗಳುಗಟ್ಟಲೆ ಮುಂಜಾನೆ ಬೆರಳು ಮಡಚಲಿಕ್ಕೆ ಬರಂಗಿಲ್ಲ. ಬೀಡಿಗೆ ಮಜೂರಿ ಸಾವಿರದ ಲೆಕ್ಕ. ಬೆರಳು ನಡೀಲಿಲ್ಲಂದ್ರೆ ಒಲಿ ಹೆಂಗ ಹತ್ತಬೇಕು?

ಈ ರೋಗ ನಮ್ಮ ಜಿಲ್ಲೆಗೆ ಹೊಸದಲ್ಲ. 1973ರಲ್ಲಿ ಬಾರ್ಶಿಯಲ್ಲಿ ಜೋರಾಗಿ ಹಬ್ಬಿತ್ತು. ಆಮೇಲೆ ಮೂರು ದಶಕ ಸುದ್ದಿ ಇರಲಿಲ್ಲ. 2006ರಲ್ಲಿ ಕರ್ನಾಟಕದಲ್ಲಿ 7.5 ಲಕ್ಷ, ಮಹಾರಾಷ್ಟ್ರದಲ್ಲಿ 2.5 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ ದಾಖಲಾದವು. ಅಕ್ಕಲಕೋಟದವರ ಬೀಗರು ಆಳಂದ, ಅಫಜಲಪುರದಲ್ಲಿ. ಸೊಳ್ಳೆಗಂತೂ ಗಡಿ ಗೊತ್ತೇ ಇಲ್ಲ. 2024ರಲ್ಲಿ ಪುಣೆ, ನಾಗಪುರದಲ್ಲಿ ಮತ್ತೆ ತಲೆ ಎತ್ತಿತು. ಪ್ರತಿ ಸಲ ಲೆಕ್ಕ ಇಟ್ಟದ್ದು ಜ್ವರದ್ದು. ಬ್ಯಾನಿಯದ್ದು ಯಾರು ಇಟ್ಟರು?

ಲೆಕ್ಕ ಇಲ್ಲದ ಕಡೆ ಉಪಚಾರವೂ ಇಲ್ಲ. ಹಿಂಗಾಗಿ ಜನ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗ್ತಾರೆ, ಇಲ್ಲಾ 'ಒಂದು ಸ್ಟೀರಾಯ್ಡ್ ಸೂಜಿ ಹಾಕ್ರಿ' ಅಂತಾರೆ. ಎರಡು ದಿನ ಹಗುರ ಅನಸ್ತದೆ. ಆದರೆ ಕೇಳದೆ ನುಂಗಿದ ಗುಳಿಗೆ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಹಾಳು ಮಾಡಬಲ್ಲದು. ಬೇಕಾದದ್ದು ಬೇರೆ: ಬಿಸಿ ಶಾಖ, ದಿನಾ ಸ್ವಲ್ಪ ಸ್ವಲ್ಪ ಕೈಕಾಲು ಮಡಚಿ ಬಿಚ್ಚುವ ವ್ಯಾಯಾಮ, ಅದನ್ನು ಕಲಿಸುವ ಫಿಜಿಯೋಥೆರಪಿಸ್ಟ್. ಮೂರು ತಿಂಗಳಾದರೂ ಬಾವು ಇಳಿಯದಿದ್ದರೆ ಸಂಧಿವಾತ ಅಲ್ಲವೇ ಅಂತ ದೊಡ್ಡ ಡಾಕ್ಟರ ಹತ್ತಿರ ತಪಾಸಣೆ ಮಾಡಿಸಬೇಕು.

ಇದಕ್ಕೆಲ್ಲ ಅಕ್ಕಲಕೋಟದ ಹಳ್ಳಿಯ ಅವ್ವ ಸೋಲಾಪುರಕ್ಕೆ ಹೋಗಿ ಬರಬೇಕಂದ್ರೆ ಆ ದಿನದ ಕೂಲಿ ಹೋತು, ಬಸ್ ಚಾರ್ಜ್ ಬೇರೆ. ಒಂದು ಸಲ ಹೋದಾಳು. ವ್ಯಾಯಾಮಕ್ಕೆ ನಾಲ್ಕು ಸಲ ಹೋಗಂಗಿಲ್ಲ. ಕೋವಿಡ್ ಕಾಲದಲ್ಲಿ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ರೋಗ ವಾಸಿಯಾದ ಮೇಲೂ ದಮ್ಮು, ಸುಸ್ತು ಇದ್ದವರಿಗೆ ಬೇರೆ ಓಪಿಡಿ ತೆರೆದಿದ್ದರು. ಮುಂಬೈಗೆ ಆದದ್ದು ನಮಗ್ಯಾಕೆ ಆಗಬಾರದು?

ಜಿಲ್ಲಾ ಪರಿಷತ್ತಿನ ಸದಸ್ಯರೂ ಆಮದಾರರೂ ಕೇಳಬೇಕಾದದ್ದು ದೊಡ್ಡ ಕಟ್ಟಡವನ್ನಲ್ಲ. ಅಕ್ಕಲಕೋಟದ ಗ್ರಾಮೀಣ ರುಗ್ಣಾಲಯದಲ್ಲಿ ವಾರಕ್ಕೊಂದು ದಿನ, ಅದೂ ಬಾಜಾರದ ದಿನ, ಕೀಲು ಬ್ಯಾನಿಯವರಿಗಂತ ಫಿಜಿಯೋಥೆರಪಿಸ್ಟ್ ಕೂಡಲಿ. ಮನೆಯಲ್ಲಿ ಮಾಡುವ ವ್ಯಾಯಾಮದ ಚಿತ್ರ ಇರುವ ಹಾಳೆ ಮರಾಠಿ ಜೊತೆ ಕನ್ನಡದಲ್ಲೂ ಅಚ್ಚಾಗಲಿ. ಆಶಾ ತಾಯಿಯರು ಜ್ವರದ ಸಮೀಕ್ಷೆಗೆ ಮನೆಮನೆಗೆ ಹೋಗೇ ಹೋಗ್ತಾರೆ, ಮೂರು ತಿಂಗಳ ಮೇಲೆ ಅದೇ ಮನೆಗೆ ಇನ್ನೊಮ್ಮೆ ಹೋಗಿ, "ಅವ್ವಾ, ಈಗ ಮುಷ್ಟಿ ಹಿಡಿಲಿಕ್ಕೆ ಬರ್ತದೇನು?" ಅಂತ ಕೇಳಿ ಬರೆದುಕೊಳ್ಳಲಿ. ಆ ಹೆಚ್ಚಿನ ಕೆಲಸಕ್ಕೆ ಅವರಿಗೂ ನಾಲ್ಕು ದುಡ್ಡು ಸಿಗಬೇಕು.