ಕಡಿಮೆ ಬಂಡವಾಳದವರು ಯಾವ ಕಸುಬು ಹಿಡಿಯಬೇಕು?

ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರು ಮೊದಲು ಕೇಳುವುದು ‘ಯಾವುದರಲ್ಲಿ ಲಾಭ ಹೆಚ್ಚು’ ಎಂದು. ಕೈತುಂಬ ಹಣವೂ ಹತ್ತು ವರ್ಷದ ಅನುಭವವೂ ಇರುವವರಿಗೆ ಈ ಪ್ರಶ್ನೆ ಸಾಕಾದೀತು. 50 ಸಾವಿರ ರೂಪಾಯಿ ಹೊಂದಿಸಿಕೊಂಡು ಹೊರಟವರು ಅದಕ್ಕೂ ಮೊದಲು ಎರಡು ವಿಷಯ ತಿಳಿದುಕೊಳ್ಳಬೇಕು: ಹಾಕಿದ ಹಣ ಎಷ್ಟು ದಿನಕ್ಕೆ ಕೈಗೆ ಮರಳುತ್ತದೆ, ಮೊದಲ ತಪ್ಪಿಗೆ ಅದರಲ್ಲಿ ಎಷ್ಟು ಕರಗುತ್ತದೆ. ಅನುಭವವಿಲ್ಲದವರು ತಪ್ಪು ಮಾಡಿಯೇ ಮಾಡುತ್ತಾರೆ. ಒಂದೇ ತಪ್ಪಿಗೆ ಬಂಡವಾಳವೆಲ್ಲ ಮುಗಿದರೆ, ಆ ತಪ್ಪಿನಿಂದ ಕಲಿತ ಪಾಠ ಬಳಸುವುದಕ್ಕೂ ಏನೂ ಉಳಿಯುವುದಿಲ್ಲ.

ಹಣ ಮರಳುವ ವೇಗದ ಮಹತ್ವ ಸಣ್ಣ ಲೆಕ್ಕದಲ್ಲೇ ತಿಳಿಯುತ್ತದೆ. 50 ಸಾವಿರ ಹೂಡಿ, ಶೇಕಡ 25 ಲಾಭಕ್ಕೆ ವರ್ಷಕ್ಕೆ ಎರಡು ಸಲ ಮಾಲು ಮಾರಿದರೆ ಸಿಗುವುದು 25 ಸಾವಿರ. ಅದೇ ಹಣ ಶೇಕಡ 5ರಂತೆ ಹದಿನೈದು ದಿನಕ್ಕೊಮ್ಮೆ ತಿರುಗಿದರೆ, ವರ್ಷದ 24 ಸುತ್ತಿಗೆ 60 ಸಾವಿರ ಆಗುತ್ತದೆ. ಕಿರಾಣಿ ಅಂಗಡಿಗಳು ಅಷ್ಟು ಕಡಿಮೆ ಲಾಭದಲ್ಲೂ ಬದುಕಿರುವುದು ಈ ಕಾರಣಕ್ಕೇ. ಅವು ಮುಚ್ಚುವುದು ಉದ್ರಿಯಿಂದ. ಹಳ್ಳಿಯಲ್ಲಿ ನೆಂಟರಿಗೂ ನೆರೆಯವರಿಗೂ ಇಲ್ಲ ಎನ್ನಲಾಗದೆ ಬರೆದುಕೊಂಡ ಲೆಕ್ಕ ಸುಗ್ಗಿಯವರೆಗೆ ಬರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಸುಗ್ಗಿಯೂ ಬರುವುದಿಲ್ಲ. ಆಗ ತಿಂಗಳಿಗೆ ಎರಡು ಸಲ ತಿರುಗಬೇಕಿದ್ದ ಹಣ ವರ್ಷಕ್ಕೊಮ್ಮೆಯೂ ತಿರುಗುವುದಿಲ್ಲ. ಉದ್ರಿ ಕೊಡದೆ ನಡೆಸುವ ಗಟ್ಟಿತನ ಇಲ್ಲದವರು ಸ್ವಂತ ಊರಿನಲ್ಲಿ ಕಿರಾಣಿ ಅಂಗಡಿ ಇಡದಿರುವುದೇ ಒಳ್ಳೆಯದು.

ಇನ್ನೊಂದು ಮಾತು ಊರಿನದು. ಒಂದು ಕಡೆ ಗೆದ್ದ ವ್ಯಾಪಾರ ಇನ್ನೊಂದು ಕಡೆ ಗೆಲ್ಲಬೇಕೆಂದಿಲ್ಲ. ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯನ್ನು ತೆಗೆದುಕೊಳ್ಳಬಹುದು. ಧರ್ಮಪುರದ ಹತ್ತಿರ, ಆಂಧ್ರದ ಗಡಿಗೆ ಸಮೀಪದ ಬಯಲುಸೀಮೆಯ ಊರು. ಬೆಂಗಳೂರು–ಪುಣೆ ಹೆದ್ದಾರಿಯ ವಾಹನಗಳು ಹಿರಿಯೂರಿನ ಹೋಟೆಲುಗಳನ್ನು ಸಾಕುತ್ತವೆ. ಹೆದ್ದಾರಿಯಿಂದ ಒಳಗಿರುವ ಊರಿಗೆ ಆ ಗಿರಾಕಿಗಳು ಬರುವುದಿಲ್ಲ. ಮಳೆಯನ್ನೂ ನಂಬುವಂತಿಲ್ಲ: ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಅಂಥ ಸೀಮೆಯಲ್ಲಿ ಗಿರಾಕಿಯ ಕೈಯಲ್ಲಿ ಹಣ ಆಡುವುದು ಶೇಂಗಾ, ಈರುಳ್ಳಿ, ಕುರಿ, ಕೊಳವೆಬಾವಿಯ ತೋಟ ಇವುಗಳ ಹುಟ್ಟುವಳಿಗೆ ತಕ್ಕಂತೆ. ಆದ್ದರಿಂದ ಈ ಭಾಗದಲ್ಲಿ ಕಸುಬು ಹುಡುಕುವವರು ನೋಡಬೇಕಾದದ್ದು ಈ ನಾಲ್ಕರ ಅಕ್ಕಪಕ್ಕದಲ್ಲಿ.

ಶೇಂಗಾ ಎಣ್ಣೆಯ ಗಾಣ ಇದಕ್ಕೆ ಒಳ್ಳೆಯ ಉದಾಹರಣೆ. ಪಕ್ಕದ ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬರುವಷ್ಟು ಗಿರಣಿಗಳಿದ್ದವು; ದೊಡ್ಡ ಗಿರಣಿಗಳೊಂದಿಗೆ ಬೆಲೆಯಲ್ಲಿ ಪೈಪೋಟಿಗೆ ಇಳಿದರೆ ಸಣ್ಣ ಗಾಣ ಸೋಲುತ್ತದೆ. ಆದರೆ ಒಂದೇ ಗಾಣದಿಂದ ಎರಡು ಬೇರೆ ಬೇರೆ ವ್ಯಾಪಾರ ನಡೆಸಬಹುದು ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ರೈತರು ತಂದ ಬೀಜವನ್ನು ಕೂಲಿಗೆ ಆಡಿಸಿಕೊಡುವುದು ಒಂದು. ಇಲ್ಲಿ ಸರಕಿಗೆ ಹಣ ಹಾಕಬೇಕಿಲ್ಲ, ಬೆಲೆ ಇಳಿದರೆ ಗಾಣದವರಿಗೆ ನಷ್ಟವಿಲ್ಲ, ಕೂಲಿ ಅಂದೇ ಕೈಗೆ ಬರುತ್ತದೆ. ತಾವೇ ಬೀಜ ಕೊಂಡು, ಎಣ್ಣೆ ತೆಗೆದು, ಸೀಸೆಗೆ ತುಂಬಿ, ಹೆಸರು ಅಂಟಿಸಿ ಮಾರುವುದು ಇನ್ನೊಂದು. ನೂರು ಕಿಲೋ ಬೀಜಕ್ಕೆ ಗಾಣದಲ್ಲಿ ಸಿಗುವ ಎಣ್ಣೆ ಸುಮಾರು 40 ಕಿಲೋ; ಉಳಿದದ್ದು ಬಹುಪಾಲು ಹಿಂಡಿ. ಹಿಂಡಿಗೆ ದನ ಸಾಕುವವರಲ್ಲಿ ಗಿರಾಕಿ ಸಿಗದಿದ್ದರೆ ಎಣ್ಣೆಯ ಲಾಭವೂ ಕೈಗೆ ಹತ್ತುವುದಿಲ್ಲ. ಜೊತೆಗೆ ಸುಗ್ಗಿಯಲ್ಲಿ ಅಗ್ಗಕ್ಕೆ ಕೊಂಡ ಬೀಜವನ್ನು ವರ್ಷವಿಡೀ ಹುಳ ಬೀಳದಂತೆ, ಬೂಷ್ಟು ಹಿಡಿಯದಂತೆ ಇಟ್ಟುಕೊಳ್ಳಬೇಕು. ಎರಡನೆಯದರಲ್ಲಿ ಲಾಭ ಹೆಚ್ಚು, ನಿಜ. ಆದರೂ ಹೊಸಬರು ಹಿಡಿಯಬೇಕಾದದ್ದು ಮೊದಲನೆಯದನ್ನು. ಎರಡು ವರ್ಷ ಕೂಲಿಗೆ ಆಡಿಸಿದವರಿಗೆ ಯಾವ ಹೊಲದ ಬೀಜ ಹೇಗೆ, ಪಟ್ಟಣದಿಂದ ಎಣ್ಣೆ ಕೇಳಿಕೊಂಡು ಬರುವವರು ಯಾರು ಎಂಬುದು ತಾನಾಗಿ ಗೊತ್ತಾಗುತ್ತದೆ.

ಕುರಿ ಈ ಸೀಮೆಯ ಹಳೆಯ ಸಂಪತ್ತು. ಮೂರ್ನಾಲ್ಕು ತಿಂಗಳ ಮರಿ ತಂದು, ಮೇಯಿಸಿ, ಬಕ್ರೀದಿಗೆ ಮಾರಿದರೆ ಐದಾರು ತಿಂಗಳಲ್ಲಿ ಹಣ ಮರಳುತ್ತದೆ. ಹಬ್ಬ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ ಮರಿ ಕೊಳ್ಳುವ ಕಾಲವೂ ಮೇವಿನ ಲೆಕ್ಕವೂ ಬದಲಾಗುತ್ತ ಹೋಗಬೇಕು. ಕರುಳುಬೇನೆಯೋ ನೀಲಿನಾಲಿಗೆಯೋ ಬಂದರೆ ವಾರದಲ್ಲಿ ದೊಡ್ಡಿ ಬರಿದಾಗಬಹುದು. ಮನೆಯಲ್ಲಿ ಕುರಿ ಕಾಯ್ದ ಹಿರಿಯರಿದ್ದರೆ ಇದು ಸಲೀಸು. ಯೂಟ್ಯೂಬ್ ನೋಡಿ ಶೆಡ್ ಕಟ್ಟಿಸುವವರಿಗೆ ಅಲ್ಲ. ಬಂಡವಾಳದ ದೊಡ್ಡ ಪಾಲು ಮರಿಗಳಿಗಿಂತ ಮೊದಲೇ ತಗಡು, ಕಬ್ಬಿಣ, ಸಿಮೆಂಟಿಗೆ ಹೋಗಿರುತ್ತದೆ.

ಎಲ್ಲಕ್ಕಿಂತ ಕಡಿಮೆ ಹಣ ಬೇಡುವುದು ಕೈಕಸುಬು. ಕೊಳವೆಬಾವಿಯ ಸೀಮೆಯಲ್ಲಿ ಮೋಟಾರ್ ಸುಡುವುದು ನಿಲ್ಲುವುದಿಲ್ಲ. ಅಡಿಕೆ, ದಾಳಿಂಬೆ ಒಣಗುತ್ತಿರುವ ಬೇಸಿಗೆಯಲ್ಲಿ ರೈತರು ರಿವೈಂಡಿಂಗ್ ಮಾಡುವವರ ಬಳಿ ಚೌಕಾಸಿಗೆ ನಿಲ್ಲುವುದೂ ಇಲ್ಲ. ಇಲ್ಲಿ ಬೇಕಾದದ್ದು ಉಪಕರಣಗಳಿಗೆ ಒಂದಿಷ್ಟು ಹಣ, ಒಂದು ಸಣ್ಣ ಜಾಗ ಮತ್ತು ಪಳಗಿದ ಕೈ. ಮೊದಲೆರಡನ್ನು ಸಾಲ ಮಾಡಿ ತರಬಹುದು, ಮೂರನೆಯದನ್ನು ಆಗುವುದಿಲ್ಲ.

ಹಾಗಾದರೆ ಅನುಭವ ಎಲ್ಲಿಂದ ಬರಬೇಕು? ಕರ್ನಾಟಕದ ವ್ಯಾಪಾರದ ಇತಿಹಾಸ ಇದಕ್ಕೆ ಒಂದೇ ಉತ್ತರ ಕೊಡುತ್ತದೆ: ಇನ್ನೊಬ್ಬರ ಅಂಗಡಿಯಲ್ಲಿ ದುಡಿದು. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದ ಕಡಂದಲೆಯ ಕೆ. ಕೃಷ್ಣರಾಯರು ಅಡುಗೆಮನೆಯ ಕೆಲಸದಿಂದ ಮೇಲೆ ಬಂದವರು. ಹಾಸನ ಜಿಲ್ಲೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದ ಮೇಲೆ, ಅಯ್ಯಂಗಾರ್ ಬೇಕರಿಗಳು ನಾಡಿನ ಊರೂರಿಗೆ ಹಬ್ಬಿದ್ದೂ ಹೀಗೆಯೇ. ನೆಂಟರ ಬೇಕರಿಯಲ್ಲಿ ಹಿಟ್ಟು ನಾದಿದ ಹುಡುಗರು ಕೆಲಸ ಕಲಿತು ಬೇರೆ ಊರಿನಲ್ಲಿ ಬೇಕರಿ ಇಟ್ಟರು. ಸಂಬಳ ಪಡೆಯುತ್ತಲೇ ಕಲಿಯುವ ಈ ದಾರಿಯಲ್ಲಿ ತಪ್ಪಿನ ಖರ್ಚು ಮಾಲೀಕನದು. ಇದನ್ನು ಅವಮಾನ ಎಂದುಕೊಳ್ಳುವ ಪದವೀಧರರು ತಮ್ಮ ಅಪ್ಪಂದಿರ ಹಣದಲ್ಲಿ ಅದೇ ಪಾಠ ಕಲಿಯುತ್ತಾರೆ. ತರಬೇತಿ ಬೇಕಾದವರಿಗೆ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಆರಂಭಿಸಿದ ಇದರ ಶಾಖೆ ಚಿತ್ರದುರ್ಗದಲ್ಲೂ ಇದೆ. ಊಟ, ವಸತಿಯೊಂದಿಗೆ ಉಚಿತವಾಗಿ ಕಸುಬು ಕಲಿಸುತ್ತಾರೆ.

ಪಕ್ಕದವರು ಗೆದ್ದರೆಂದು ಅದನ್ನೇ ಹಿಡಿಯುವುದು ಎಲ್ಲ ಕಡೆಯೂ ಕಾಣುವ ತಪ್ಪು. ಒಂದು ಝೆರಾಕ್ಸ್ ಅಂಗಡಿಗೆ ಸಾಲುವ ಊರಿನಲ್ಲಿ ಮೂರಾದರೆ ಮೂವರಿಗೂ ಹೊಟ್ಟೆ ತುಂಬುವುದಿಲ್ಲ. ಇದಕ್ಕಿಂತ ಅಪಾಯಕಾರಿ, ‘ಮರಿ ನಾವೇ ಕೊಡುತ್ತೇವೆ, ಬೆಳೆದ ಮೇಲೆ ನಾವೇ ಕೊಳ್ಳುತ್ತೇವೆ’ ಎನ್ನುವ ಯೋಜನೆಗಳು. ತಮಿಳುನಾಡಿನ ಪೆರುಂದುರೈ ಸುತ್ತ ಎಮು ಸಾಕಣೆ ಕಂಪನಿಗಳು 2012ರಲ್ಲಿ ಕುಸಿದಾಗ, ಹಣ ಹೂಡಿದವರ ಅಂಗಳದಲ್ಲಿ ಕೊಳ್ಳುವವರಿಲ್ಲದ ಹಕ್ಕಿಗಳು ಉಳಿದವು. ಬೆಳೆದದ್ದನ್ನು ಕೊಳ್ಳುವ ಗಿರಾಕಿ ಒಬ್ಬನೇ, ಅವನೇ ಮರಿ ಮಾರಿದವನೂ ಆಗಿದ್ದರೆ, ಅಂಥದ್ದನ್ನು ಮುಟ್ಟಬಾರದು.

ಸಾಲದ ವಿಚಾರ ಕೊನೆಗೆ ಬರಬೇಕು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಶಿಶು ವರ್ಗಕ್ಕೆ 50 ಸಾವಿರದವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಕಿರು ಆಹಾರ ಸಂಸ್ಕರಣಾ ಘಟಕಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇಕಡ 35ರ ಸಹಾಯಧನಕ್ಕೆ ಕರ್ನಾಟಕ ಸರ್ಕಾರ ಶೇಕಡ 15 ಸೇರಿಸಿ ಅದನ್ನು ವೆಚ್ಚದ ಅರ್ಧಕ್ಕೆ ಏರಿಸಿದೆ. ಚಿತ್ರದುರ್ಗ ಜಿಲ್ಲೆಗೆ ಅದರಲ್ಲಿ ಗೊತ್ತಾಗಿರುವ ಉತ್ಪನ್ನ ಶೇಂಗಾ. ಸಹಾಯಧನ ಇದೆಯೆಂದು ಕಸುಬು ಆರಿಸುವುದು ಮಾತ್ರ ತಲೆಕೆಳಗಿನ ದಾರಿ. ಸಹಾಯಧನ ಯಂತ್ರ ತರುತ್ತದೆ, ಗಿರಾಕಿಯನ್ನು ತರುವುದಿಲ್ಲ. ಮೈಕ್ರೋಫೈನಾನ್ಸಿನ ವಾರದ ಕಂತಂತೂ, ವಾರ ವಾರ ಹಣ ಬರುವ ವ್ಯಾಪಾರಕ್ಕಷ್ಟೇ ಹೊಂದುತ್ತದೆ. ಆರು ತಿಂಗಳಿಗೆ ಹಣ ಕಾಣುವ ಕುರಿಗೆ ಆ ಸಾಲ ತಂದವರು ಕಂತು ಕಟ್ಟಲು ಮರಿಗಳನ್ನೇ ಮಾರುತ್ತಾರೆ.

ಇನ್ನು ಉಳಿದದ್ದು ಲೆಕ್ಕ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹಾಗೆಂದು ಲೆಕ್ಕವೇ ಬೇಡವೆಂದಲ್ಲ. 2025ರ ಜುಲೈನಲ್ಲಿ ಯುಪಿಐ ಜಮಾ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ, ಮನೆಯ ಹಣ, ಕೈಸಾಲ, ತೆರಿಗೆಯಿಲ್ಲದ ಹಾಲು ತರಕಾರಿ ಮಾರಿದ ಹಣ ಎಲ್ಲವೂ ಒಂದೇ ಖಾತೆಯಲ್ಲಿ ಬೆರೆತವರಿಗೆ ಉತ್ತರ ಕೊಡುವುದು ಕಷ್ಟವಾಯಿತು. ಕಸುಬು ಯಾವುದೇ ಇರಲಿ, ಅದಕ್ಕೆ ಬೇರೆ ಬ್ಯಾಂಕ್ ಖಾತೆಯೂ ಖರೀದಿ ಬಿಲ್ಲುಗಳ ಒಂದು ಫೈಲೂ ಮೊದಲ ದಿನದಿಂದ ಇರಲಿ.