0.6 ಎಲ್ಲಿಂದ ಬಂತು?

ಸ್ಟೀಲ್ ಡಿಸೈನ್ ನಮಗೆ ಬರೋದು ಮುಂದಿನ ವರ್ಷ. ಆದರೂ ಸೀನಿಯರ್‌ಗಳ ನೋಟ್ಸ್ ತೆಗೆದು ನೋಡಿದ್ರೆ ಒಂದು ಸಾಲಿಗೆ ಎಲ್ಲರೂ ಅಡಿಗೆರೆ ಎಳೆದಿದ್ದಾರೆ: ಶಿಯರ್ ಫೋರ್ಸ್, ಸೆಕ್ಷನ್‌ನ ಶಿಯರ್ ಸಾಮರ್ಥ್ಯದ 0.6 ಪಾಲು ದಾಟಿದರೆ ಬೆಂಡಿಂಗ್ ಸಾಮರ್ಥ್ಯ ತಗ್ಗಿಸಬೇಕು. ಐಎಸ್ 800:2007ರ ನಿಯಮ. ಯಾಕೆ ಅನ್ನೋದು ಮಾತ್ರ ಯಾರ ನೋಟ್ಸ್‌ನಲ್ಲೂ ಇಲ್ಲ.

ಕಾರಣ ಕಷ್ಟದ್ದೇನಲ್ಲ. ಐ ಸೆಕ್ಷನ್‌ನಲ್ಲಿ ಶಿಯರ್ ಹೊರೋದು ವೆಬ್, ಬೆಂಡಿಂಗ್‌ನ ದೊಡ್ಡ ಪಾಲು ಹೊರೋದು ಫ್ಲ್ಯಾಂಜ್. ಪ್ಲಾಸ್ಟಿಕ್ ಮೊಮೆಂಟ್ ಲೆಕ್ಕ ಹಾಕುವಾಗ ವೆಬ್ ಕೂಡ ಪೂರ್ತಿ ಬೆಂಡಿಂಗ್‌ಗೇ ದುಡೀತಿದೆ ಅಂತ ಹಿಡಿತೀವಿ. ಅದೇ ವೆಬ್ ಶಿಯರ್‌ಗೂ ದುಡೀಬೇಕಾದ್ರೆ? ಒಂದೇ ಸಂಬಳದಲ್ಲಿ ಎರಡು ಮನೆ ನಡೆಸಿದ ಹಾಗೆ.

ಐಎಸ್‌ಎಂಬಿ 300 ತಗೊಳ್ಳಿ, 250 ಗ್ರೇಡ್ ಸ್ಟೀಲ್. ಪೂರ್ತಿ ಸೆಕ್ಷನ್‌ನ ಬೆಂಡಿಂಗ್ ಸಾಮರ್ಥ್ಯ ಸುಮಾರು 148 ಕಿಲೋನ್ಯೂಟನ್-ಮೀಟರ್. ಅದರಲ್ಲಿ ಫ್ಲ್ಯಾಂಜ್‌ಗಳದ್ದೇ 113, ವೆಬ್‌ದು ಬರೀ 35. ಶಿಯರ್ ಸಾಮರ್ಥ್ಯ 295 ಕಿಲೋನ್ಯೂಟನ್. ಶಿಯರ್ ಇದರ 0.8 ಪಾಲು ಇದ್ದರೆ ಬೀಟಾ (2×0.8 − 1)ರ ವರ್ಗ, ಅಂದ್ರೆ 0.36. ವೆಬ್‌ನ 35ರಲ್ಲಿ ಅಷ್ಟು ಭಾಗ ಕಳೆದರೆ ಉಳಿಯೋದು ಒಟ್ಟು 135ರ ಆಸುಪಾಸು. ಫ್ಲ್ಯಾಂಜ್‌ನ ಪಾಲಿಗೆ ಸೂತ್ರ ಕೈ ಹಾಕೋದೇ ಇಲ್ಲ.

ಇನ್ನೊಂದು ತಮಾಷೆ. ಬೀಟಾ ಸೊನ್ನೆ ಆಗೋದು 0.5ರಲ್ಲಿ, 0.6ರಲ್ಲಿ ಅಲ್ಲ. ಯೂರೋಕೋಡ್ 3 ಅಲ್ಲಿಂದಲೇ ಶುರು ಮಾಡುತ್ತೆ. ನಮ್ಮ ಕೋಡ್‌ನಲ್ಲಿ 0.6 ದಾಟಿದ ತಕ್ಷಣ ಒಂದು ಸಣ್ಣ ಮೆಟ್ಟಿಲು ಇಳಿತೀವಿ, ಒಂದು ಪರ್ಸೆಂಟಿಗಿಂತ ಕಡಿಮೆ. ಅಪಾಯವೇನಿಲ್ಲ. ಆದರೆ 0.6 ಬಾಯಿಪಾಠ ಮಾಡಿದವರಿಗೆ ಅದು ಕಾಣೋದೂ ಇಲ್ಲ.

"ಕಾಲಮ್‌ನಲ್ಲಿ ಶಿಯರ್ ಎಲ್ಲಿರುತ್ತೋ, ಬಿಟ್ಟಾಕು" ಅನ್ನೋದು ಇನ್ನೊಂದು ಮಾತು. ಅರ್ಧ ನಿಜ. ಶಹಾಪುರ ತಾಲ್ಲೂಕಿನ ದೋರನಹಳ್ಳಿಯಲ್ಲಿ ಹತ್ತಿ ಇಡೋಕೆ ಒಂದು ಪತ್ರಾ ಶೆಡ್ ಕಟ್ತೀವಿ ಅಂದ್ಕೊಳ್ಳಿ. ಕಾಲಮ್, ಮೇಲಿನ ರಾಫ್ಟರ್ ಎರಡೂ ಐಎಸ್‌ಎಂಬಿ 300, ಎತ್ತರ 6 ಮೀಟರ್, ಬುಡ ಪಿನ್. ಎರಡೂ ಸೇರುವ ಮೂಲೆಯಲ್ಲಿ ಡಿಸೈನ್ ಮೊಮೆಂಟ್ 100. ಕಾಲಮ್‌ನ ಶಿಯರ್ 100 ಭಾಗಿಸು 6, ಸುಮಾರು 17 ಕಿಲೋನ್ಯೂಟನ್. 295ರ ಮುಂದೆ ಏನೂ ಅಲ್ಲ. ಮೊಮೆಂಟ್ 148ರ ಒಳಗೇ ಇದೆ. ಆಕ್ಸಿಯಲ್ ಲೋಡ್ ಸೇರಿಸಿ ನೋಡೋದು ಬೇರೆ ಲೆಕ್ಕ, ಇಂಥ ಹಗುರ ಚಾವಣಿಗೆ ಅದೂ ಕಡಿಮೆಯೇ. ಪಾಸ್ ಅಂತ ಬರೆದು ಮುಂದೆ ಹೋಗ್ತೀವಿ.

ಆದರೆ ಆ ಮೂಲೆ ನೋಡಿ. ರಾಫ್ಟರ್ ತನ್ನ ಮೊಮೆಂಟನ್ನ ಎರಡು ಫ್ಲ್ಯಾಂಜ್‌ಗಳ ಎಳೆತ-ಒತ್ತಡವಾಗಿ ಕಾಲಮ್‌ಗೆ ದಾಟಿಸುತ್ತೆ. ಅವುಗಳ ನಡುವಿನ ಅಂತರ ಬರೀ 0.288 ಮೀಟರ್. 100ನ್ನ ಅದರಿಂದ ಭಾಗಿಸಿದರೆ 347. ರಾಫ್ಟರ್‌ನ ಆಕ್ಸಿಯಲ್ ಬಲ ಸ್ವಲ್ಪ ಕಳೆದರೂ ಸುಮಾರು 340 ಕಿಲೋನ್ಯೂಟನ್. ಅಂಗೈ ಉದ್ದದ ಜಾಗದಲ್ಲಿ ಅಷ್ಟೂ ಕಾಲಮ್‌ನ ವೆಬ್ ಮೂಲಕ ಶಿಯರ್ ಆಗಿ ಹಾಯಬೇಕು. ವೆಬ್ ತಡೆಯೋದು 295. ಅದಕ್ಕೇ ಅಲ್ಲಿ ಓರೆ ಸ್ಟಿಫ್ನರ್ ಅಥವಾ ವೆಬ್‌ಗೆ ಇನ್ನೊಂದು ಪ್ಲೇಟ್ ಬೇಕು.

ನಮ್ಮ ಅಭಿಪ್ರಾಯದಲ್ಲಿ ಈ ಪಾಠ ಮೂಲೆಯಿಂದ ಶುರುವಾಗಬೇಕು, 0.6ರಿಂದ ಅಲ್ಲ. ಜೊತೆಗೆ ಒಮ್ಮೆಯಾದರೂ ಕನ್ನಡದಲ್ಲಿ ಬಿಡಿಸಿ ಹೇಳಿ ಅಭ್ಯಾಸ ಆಗಬೇಕು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇದು ಸಲೀಸಲ್ಲ. ಆದರೆ ನಾಳೆ ಸೈಟಿನಲ್ಲಿ ವೆಲ್ಡಿಂಗ್ ಮಾಡೋ ಅಣ್ಣ "ಈ ಓರೆ ತುಂಡು ಯಾಕ್ರೀ, ಸುಮ್ನ ಖರ್ಚು, ಬಿಡ್ಲಿ?" ಅಂದ್ರೆ ಕ್ಲಾಸ್ ನಂಬರ್ ಹೇಳಿ ಪ್ರಯೋಜನ ಇಲ್ಲ. "ಇಲ್ಲಿ 340 ಹಾಯ್ತದ ಅಣ್ಣಾ, ಈ ತಗಡು ತಡಿಯೋದು 295" ಅನ್ನೋಕೆ ಬರಬೇಕು.