ಗುಣವಾಯಿತು, ಆದರೆ ಯಾವುದರಿಂದ?

‘ನಮ್ಮ ಭಾವನಿಗೆ ಕಾಮಾಲೆಯಾಗಿತ್ತು ಡಾಕ್ಟ್ರೇ. ಮೂರು ದಿನ ಸೊಪ್ಪಿನ ರಸ ಕುಡಿಸಿದೆವು, ಗುಣವಾಯಿತು.’ ಇಂಥ ಮಾತನ್ನು ಕೇಳದ ವೈದ್ಯರಿಲ್ಲ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಕಲುಷಿತ ನೀರು, ಆಹಾರದಿಂದ ಬರುವ ಹೆಪಟೈಟಿಸ್ ‘ಎ’ ಕಾಮಾಲೆ ಬಹುತೇಕ ಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ರಸ ಕುಡಿಯದಿದ್ದರೂ ಭಾವ ಚೇತರಿಸಿಕೊಳ್ಳುತ್ತಿದ್ದರೇ? ಒಬ್ಬ ರೋಗಿಯನ್ನು ನೋಡಿ ಇದಕ್ಕೆ ಉತ್ತರ ಹೇಳಲಾಗದು. ನೂರು ಮಂದಿಯನ್ನು ನೋಡಿದರೂ, ರಸ ಕುಡಿಯದ ಇನ್ನೊಂದು ಗುಂಪಿನೊಡನೆ ಹೋಲಿಸದಿದ್ದರೆ ಹೇಳಲಾಗದು.

ಈ ಹೋಲಿಕೆಯೇ ವೈಜ್ಞಾನಿಕ ಪ್ರಯೋಗದ ಜೀವಾಳ. ಅದರ ಬೆಲೆ ತಿಳಿಯಲು ದೂರ ಹೋಗಬೇಕಿಲ್ಲ. ಕ್ಷಯರೋಗಕ್ಕೆ ಆರೋಗ್ಯಧಾಮದ ವಾಸ, ಪೂರ್ಣ ವಿಶ್ರಾಂತಿ, ಪುಷ್ಟಿಕರ ಆಹಾರ ಅನಿವಾರ್ಯವೆಂದು ವೈದ್ಯಲೋಕ ಬಹುಕಾಲ ನಂಬಿತ್ತು. ನಮ್ಮ ದೇಶದಲ್ಲಾದರೋ ರೋಗಿಗಳು ಲಕ್ಷಾಂತರ, ಹಾಸಿಗೆಗಳು ಬೆರಳೆಣಿಕೆ. 1956ರಲ್ಲಿ ಮದರಾಸಿನಲ್ಲಿ ಈ ನಂಬಿಕೆಯನ್ನೇ ಪರೀಕ್ಷೆಗೊಡ್ಡಲಾಯಿತು. ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆರೋಗ್ಯಧಾಮದಲ್ಲಿ, ಇನ್ನೊಂದಕ್ಕೆ ಮನೆಯಲ್ಲೇ ಒಂದು ವರ್ಷ ಅವೇ ಔಷಧಿಗಳನ್ನು ಕೊಟ್ಟರು. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡಲಿಲ್ಲ. ಚೀಟಿ ಎತ್ತಿದಂತೆ ನಿರ್ಧರಿಸಿದರು. ಇಲ್ಲವಾದರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಕಡೆ ಸೇರಿ ಫಲಿತಾಂಶ ತಲೆಕೆಳಗಾಗಬಹುದಿತ್ತು.

1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತನ್ನೇ ಬೆರಗುಗೊಳಿಸಿತು. ಇಕ್ಕಟ್ಟಾದ ಮನೆ, ಕಡಿಮೆ ಊಟ, ಕಡಿಮೆ ವಿಶ್ರಾಂತಿ ಇದ್ದರೂ, ಮನೆಯಲ್ಲಿದ್ದವರು ಆರೋಗ್ಯಧಾಮದವರಷ್ಟೇ ಚೆನ್ನಾಗಿ ಚೇತರಿಸಿಕೊಂಡಿದ್ದರು. ಅವರಿಂದಾಗಿ ಮನೆಮಂದಿಗೆ ರೋಗ ಹೆಚ್ಚಾಗಿ ಹರಡಿರಲೂ ಇಲ್ಲ. ಗುಣಪಡಿಸಿದ್ದು ಕ್ರಮ ತಪ್ಪದ ಔಷಧಿ, ಆರೋಗ್ಯಧಾಮದ ಗೋಡೆಗಳಲ್ಲ. ಕ್ಷಯರೋಗಿ ಮನೆಯಲ್ಲೇ ಇದ್ದು ಗುಳಿಗೆ ನುಂಗಿ ಗುಣವಾಗುವ ಇಂದಿನ ಪದ್ಧತಿಗೆ ಆ ಪ್ರಯೋಗವೇ ತಳಹದಿ. ‘ನಮ್ಮ ಅನುಭವ ಸಾಕು’ ಎಂದು ವೈದ್ಯರು ಸುಮ್ಮನಿದ್ದಿದ್ದರೆ ಎಷ್ಟೋ ಬಡವರು ಹಾಸಿಗೆಗಾಗಿ ಕಾಯುತ್ತಲೇ ಸಾಯುತ್ತಿದ್ದರು.

ಆದ್ದರಿಂದ, ಚಿಕಿತ್ಸೆ ಯಾವ ಪದ್ಧತಿಯದೇ ಇರಲಿ, ಹಳೆಯದಿರಲಿ, ಹೊಸದಿರಲಿ, ಅದನ್ನು ಅಳೆಯುವ ಕೋಲು ಒಂದೇ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅಲೋಪಥಿಗೂ ರಿಯಾಯಿತಿ ಬೇಡ. ಜಾಹೀರಾತಿನಲ್ಲಿ ‘ಸಾವಿರಾರು ಜನ ಗುಣಮುಖ’ ಎಂದು ಕಂಡಾಗ ಮೂರು ಪ್ರಶ್ನೆ ಕೇಳಿ. ಯಾರೊಡನೆ ಹೋಲಿಸಿದಿರಿ? ಗುಂಪುಗಳನ್ನು ಹೇಗೆ ಆರಿಸಿದಿರಿ? ಗುಣವಾಗದವರು ಎಷ್ಟು ಮಂದಿ? ಉತ್ತರ ಸಿಗದಿದ್ದರೆ ಹಣ ಜೇಬಿನಲ್ಲೇ ಇರಲಿ. ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಿಯನ್ನಂತೂ ಯಾರದೋ ಮಾತು ಕೇಳಿ ನಿಲ್ಲಿಸಬೇಡಿ.